ಕರೆಂಟ್ ಹೋಗಿ ಬಂದ ಮೇಲೆ ಸೇವೆ ಏಳುತ್ತಿಲ್ಲ: ಲಿನಕ್ಸ್‌ನಲ್ಲಿ ಡೀಮನ್‌ನ ರನ್‌ಟೈಮ್ ಫೈಲುಗಳನ್ನು ಎಲ್ಲಿ ಇಡಬೇಕು?

ಪ್ರಶ್ನೆ – ಬ್ಯಾಡಗಿಯಿಂದ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ತೂಕದ ಲೆಕ್ಕವನ್ನು ದಾಖಲಿಸುವ ಸಣ್ಣ ವ್ಯವಸ್ಥೆಯೊಂದನ್ನು ನಾನು ಮಾಡಿಕೊಟ್ಟಿದ್ದೇನೆ. ಎಲೆಕ್ಟ್ರಾನಿಕ್ ಕಾಂಟಾ ಸೀರಿಯಲ್ ಪೋರ್ಟಿನ ಮೂಲಕ ಡೆಬಿಯನ್ 12 ಇರುವ ಕಂಪ್ಯೂಟರಿಗೆ ಸೇರಿದೆ. ಹಮಾಲರು ಚೀಲವನ್ನು ಕಾಂಟಾದ ಮೇಲಿಟ್ಟು ಅಂಕಿ ನಿಂತ ಮೇಲೆ ಗುಂಡಿ ಒತ್ತಿದರೆ, ಹಿನ್ನೆಲೆಯಲ್ಲಿ ಓಡುತ್ತಿರುವ ಪೈಥಾನ್ ಸೇವೆಯೊಂದು (ಡೀಮನ್) ಆ ತೂಕವನ್ನು ಓದಿ ಲಾಟ್ ನಂಬರಿನ ಜೊತೆಗೆ ಬರೆದುಕೊಳ್ಳುತ್ತದೆ. ಪಟ್ಟಿ ಮಾಡುವ ಗುಮಾಸ್ತರ ಪರದೆ ಅದೇ ಕಂಪ್ಯೂಟರಿನಲ್ಲಿ ಬೇರೆ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ ಮತ್ತು ಯುನಿಕ್ಸ್ ಸಾಕೆಟ್ (ಒಂದೇ ಕಂಪ್ಯೂಟರಿನ ಎರಡು ಪ್ರೋಗ್ರಾಮುಗಳು ಮಾತಾಡಿಕೊಳ್ಳುವ, ಫೈಲಿನಂತೆ ಕಾಣುವ ದ್ವಾರ) ಮೂಲಕ ಈ ಸೇವೆಯಿಂದ ತೂಕವನ್ನು ಪಡೆಯುತ್ತದೆ. ಇಂಟರ್ನೆಟ್ ಇದ್ದಾಗ ತೂಕಗಳು ದೂರದ ಸರ್ವರಿಗೆ ಹೋಗುತ್ತವೆ, ಇಲ್ಲದಾಗ ಸರದಿಯಲ್ಲಿ ಕಾಯುತ್ತವೆ. ಸೇವೆಗೆ ‘ಕಾಂಟಾಡಿ’ ಎಂದು ಹೆಸರಿಟ್ಟಿದ್ದೇನೆ. ಅದೇ ಹೆಸರಿನ, ರೂಟ್ (ಎಲ್ಲ ಅಧಿಕಾರವಿರುವ ಆಡಳಿತ ಬಳಕೆದಾರ) ಅಲ್ಲದ ಬಳಕೆದಾರನಾಗಿ ಅದು, ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಯ ಕೈಕೆಳಗೆ ಓಡುತ್ತದೆ. ಫೋಲ್ಡರುಗಳ ಮತ್ತು ಸೆಟ್ಟಿಂಗುಗಳ ಹೆಸರನ್ನು ಓದುವ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ.

ಮೊದಲು ನಾನು /ವಾರ್/ರನ್/ಕಾಂಟಾಡಿ ಎಂಬ ಫೋಲ್ಡರನ್ನು ಇನ್‌ಸ್ಟಾಲ್ ಮಾಡುವಾಗಲೇ ರೂಟ್ ಆಗಿ ರಚಿಸಿ, ಅದರ ಒಡೆತನವನ್ನು ಕಾಂಟಾಡಿಗೆ ಕೊಟ್ಟೆ. ಪಿಐಡಿ ಫೈಲು (ಓಡುತ್ತಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಟ್ಟ ಸಂಖ್ಯೆ ಇರುವ ಫೈಲು), ಸಾಕೆಟ್, ಸರ್ವರಿಗೆ ಇನ್ನೂ ಹೋಗದ ತೂಕಗಳ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲು, ಲಾಗ್ ಎಲ್ಲವೂ ಅದರಲ್ಲೇ ಇದ್ದವು. ಮೂರು ವಾರ ಯಾವ ತೊಂದರೆಯೂ ಆಗಲಿಲ್ಲ. ಮಾರುಕಟ್ಟೆಯ ದಿನವೊಂದರ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಕಾಂಟಾಡಿ ಏಳಲಿಲ್ಲ. ಅಂಥ ಫೋಲ್ಡರೇ ಇಲ್ಲ ಎಂಬ ದೋಷ ಬರುತ್ತಿತ್ತು. ಮತ್ತೆ ಫೋಲ್ಡರ್ ಮಾಡಿಕೊಟ್ಟಾಗ ಸೇವೆಯೇನೋ ಎದ್ದಿತು, ಆದರೆ ಸರದಿಯಲ್ಲಿದ್ದ 41 ಚೀಲಗಳ ತೂಕ ಎಲ್ಲಿಯೂ ಇರಲಿಲ್ಲ. ಗುಮಾಸ್ತರು ಅಭ್ಯಾಸಬಲದಿಂದ ವಹಿಯಲ್ಲಿಯೂ ಬರೆದುಕೊಂಡಿದ್ದರಿಂದ ರೈತರಿಗೆ ನಷ್ಟವಾಗಲಿಲ್ಲ. ಹಾಗೆ ಬರೆಯದಿದ್ದರೆ ನಾನು ಅವರಿಗೆ ಏನೆಂದು ಉತ್ತರ ಕೊಡುತ್ತಿದ್ದೆನೋ ತಿಳಿಯದು.

ಆಮೇಲೆ ಹೆದರಿ ಎಲ್ಲವನ್ನೂ /ಹೋಮ್/ಕಾಂಟಾಡಿ ಒಳಗೆ ಸರಿಸಿದೆ. ಮುಂದಿನ ಸಲ ಕರೆಂಟ್ ಹೋದಾಗ ತೂಕಗಳು ಉಳಿದವು, ಆದರೆ ಸೇವೆ ‘ನಾನು ಈಗಾಗಲೇ ಓಡುತ್ತಿದ್ದೇನೆ’ ಎಂದು ಹೇಳಿ ನಿಂತುಬಿಟ್ಟಿತು. ಹಳೆಯ ಪಿಐಡಿ ಫೈಲಿನಲ್ಲಿದ್ದ ಸಂಖ್ಯೆಯನ್ನು ಈಗ ಬೇರೆ ಯಾವುದೋ ಪ್ರೋಗ್ರಾಮ್ ಪಡೆದುಕೊಂಡಿತ್ತು ಎಂಬುದು ಹುಡುಕಿದ ಮೇಲೆ ತಿಳಿಯಿತು. ಕೆಲವರು /ಟೆಂಪ್ ಬಳಸಿ ಎನ್ನುತ್ತಾರೆ, ಕೆಲವರು /ವಾರ್/ಲಿಬ್ ಎನ್ನುತ್ತಾರೆ. ಯಾವ ಫೈಲನ್ನು ಎಲ್ಲಿ ಇಡುವುದು ಸರಿ, ಮತ್ತು ಯಾಕೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ – ಧಾರವಾಡದಿಂದ

ನಿಮಗಾದ ಎರಡು ತೊಂದರೆಗಳನ್ನು ಒಟ್ಟಿಗೆ ನೋಡಿದರೆ ಉತ್ತರ ಅವುಗಳಲ್ಲೇ ಇದೆ. ಮೊದಲ ಸಲ ಉಳಿಯಬೇಕಾದ ಫೈಲು ಹೋಯಿತು, ಎರಡನೆಯ ಸಲ ಹೋಗಬೇಕಾದ ಫೈಲು ಉಳಿಯಿತು. ‘ಈ ಸೇವೆಯ ಫೈಲುಗಳು ಎಲ್ಲಿರಬೇಕು’ ಎಂದು ಒಟ್ಟಾಗಿ ಕೇಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಒಂದೊಂದು ಫೈಲನ್ನೂ ಕೈಯಲ್ಲಿ ಹಿಡಿದು, ಕಂಪ್ಯೂಟರ್ ಆರಿ ಹೊತ್ತಿದ ಮೇಲೆ ಇದರೊಳಗಿನ ಮಾತು ಇನ್ನೂ ನಿಜವಾಗಿರುತ್ತದೆಯೇ ಎಂದು ಕೇಳಿಕೊಳ್ಳಿ. ಪಿಐಡಿ ಎಂಬುದು ಆ ಬೂಟಿನೊಳಗೆ ಮಾತ್ರ ನಿಜ. ಸಾಕೆಟ್ ಕೂಡ ಹಾಗೆಯೇ, ಅದರ ಆಚೆ ಬದಿಯಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಮ್ ಸತ್ತ ಮೇಲೆ ಅದು ಬರೀ ಹೆಸರು. ತೂಕ ಹಾಗಲ್ಲ, ತೂಗಿದ ಚೀಲ ತೂಗಿದ್ದೇ.

/ವಾರ್/ರನ್ ಬಗ್ಗೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಏಕೆಂದರೆ ಹಳೆಯ ಪಾಠಗಳನ್ನು ಓದಿ ಕಲಿತವರೆಲ್ಲರೂ ಅಲ್ಲಿಯೇ ಎಡವುತ್ತಾರೆ. ಲಿನಕ್ಸ್ ಫೋಲ್ಡರುಗಳ ರಚನೆಯನ್ನು ಗೊತ್ತುಪಡಿಸುವ ಎಫ್‌ಎಚ್‌ಎಸ್ ಎಂಬ ಮಾನದಂಡವಿದೆ. ಅದರ 2004ರ 2.3ನೆಯ ಆವೃತ್ತಿಯಲ್ಲಿ ಓಡುತ್ತಿರುವ ಸೇವೆಗಳ ಫೈಲುಗಳಿಗೆ /ವಾರ್/ರನ್ ಎಂದೇ ಇತ್ತು, ಮತ್ತು ಬೂಟ್ ಆರಂಭವಾಗುವಾಗ ಅಲ್ಲಿಯ ಫೈಲುಗಳನ್ನು ತೆರವು ಮಾಡಬೇಕೆಂದು ಆಗಲೇ ಹೇಳಿತ್ತು. ತೊಡಕು ಏನಾಗಿತ್ತೆಂದರೆ, /ವಾರ್ ಬೇರೆ ಪಾರ್ಟಿಷನ್‌ನಲ್ಲಿ ಇದ್ದರೆ ಅದು ಸೇರಿಕೊಳ್ಳುವ ಮೊದಲೇ ಏಳುವ, ಯಂತ್ರಾಂಶವನ್ನು ಗುರುತಿಸುವ ಯುಡೆವ್‌ನಂಥ ಪ್ರೋಗ್ರಾಮುಗಳಿಗೆ ಬರೆಯಲು ಜಾಗವಿರಲಿಲ್ಲ. ಅವು /ಡೆವ್ ಒಳಗೆ ಚುಕ್ಕಿಯಿಂದ ಆರಂಭವಾಗುವ ಗುಪ್ತ ಫೋಲ್ಡರುಗಳನ್ನು ಮಾಡಿಕೊಂಡು ಕಾಲ ಹಾಕುತ್ತಿದ್ದವು. ಅದನ್ನು ಸರಿಪಡಿಸಲು 2011ರಲ್ಲಿ ಫೆಡೋರಾ 15 ಹೊರಬಂದಾಗ ಬೇರಿನಲ್ಲೇ /ರನ್ ಎಂಬ ಫೋಲ್ಡರ್ ಬಂದಿತು, ಬೇರೆ ವಿತರಣೆಗಳೂ ಅದನ್ನು ಒಪ್ಪಿಕೊಂಡವು, 2015ರ ಎಫ್‌ಎಚ್‌ಎಸ್ 3.0 ಅದನ್ನು ಮಾನದಂಡದೊಳಗೆ ಸೇರಿಸಿತು. /ರನ್ ಇರುವುದು ಡಿಸ್ಕಿನಲ್ಲಿ ಅಲ್ಲ, ಟೆಂಪ್‌ಎಫ್‌ಎಸ್ ಮೂಲಕ ಮೆಮೊರಿಯಲ್ಲಿ. ಇಂದು /ವಾರ್/ರನ್ ಎಂಬುದು /ರನ್ ಕಡೆಗೆ ಬೆರಳು ತೋರಿಸುವ ಕೊಂಡಿ ಮಾತ್ರ. ನೀವು ಡಿಸ್ಕಿನಲ್ಲಿ ಮಾಡಿದೆನೆಂದುಕೊಂಡ ಫೋಲ್ಡರ್ ಮೂರು ವಾರ ಮೆಮೊರಿಯಲ್ಲಿ ಇತ್ತು, ಕರೆಂಟ್ ಹೋದ ಕ್ಷಣಕ್ಕೆ ಅದರೊಳಗಿನ 41 ಚೀಲಗಳ ಸಮೇತ ಹೋಯಿತು.

ಹಾಗಾದರೆ ಪ್ರತಿ ಬೂಟಿನಲ್ಲಿ ಆ ಫೋಲ್ಡರನ್ನು ಯಾರು ಮಾಡಬೇಕು? ಕಾಂಟಾಡಿ ರೂಟ್ ಅಲ್ಲದ ಕಾರಣ ಅದಕ್ಕೆ /ರನ್ ಒಳಗೆ ನೇರವಾಗಿ ಬರೆಯುವ ಅಧಿಕಾರವಿಲ್ಲ. ಇದಕ್ಕಾಗಿ ಸೇವೆಯನ್ನು ರೂಟ್ ಆಗಿ ಆರಂಭಿಸುವವರನ್ನು ನೋಡಿದ್ದೇನೆ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಸಿಸ್ಟಮ್‌ಡಿಯೇ ಈ ಕೆಲಸವನ್ನು ಮಾಡಿಕೊಡುತ್ತದೆ. ಸೇವೆಯನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯುನಿಟ್ ಫೈಲಿನ ಸರ್ವಿಸ್ ವಿಭಾಗದಲ್ಲಿ ಈ ಸಾಲುಗಳನ್ನು ಸೇರಿಸಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ:

ಯೂಸರ್=ಕಾಂಟಾಡಿ
ರನ್‌ಟೈಮ್‌ಡೈರೆಕ್ಟರಿ=ಕಾಂಟಾಡಿ
ರನ್‌ಟೈಮ್‌ಡೈರೆಕ್ಟರಿಮೋಡ್=0750
ಸ್ಟೇಟ್‌ಡೈರೆಕ್ಟರಿ=ಕಾಂಟಾಡಿ
ಸ್ಟೇಟ್‌ಡೈರೆಕ್ಟರಿಮೋಡ್=0750

0750 ಎಂಬ ಅನುಮತಿ ಸಂಖ್ಯೆಯ ಅರ್ಥ, ಒಡೆಯನಿಗೆ ಪೂರ್ಣ ಅನುಮತಿ, ಅವನ ಗುಂಪಿಗೆ ಓದಲು ಮತ್ತು ಒಳಗೆ ಹೋಗಲು ಮಾತ್ರ, ಉಳಿದವರಿಗೆ ಏನೂ ಇಲ್ಲ. ರನ್‌ಟೈಮ್‌ಡೈರೆಕ್ಟರಿ ಎಂದರೆ ಸೇವೆ ಏಳುವ ಮೊದಲು /ರನ್/ಕಾಂಟಾಡಿ ಸೃಷ್ಟಿಯಾಗುತ್ತದೆ, ಅದರ ಒಡೆತನ ಕಾಂಟಾಡಿಗೇ ಬರುತ್ತದೆ, ಸೇವೆ ನಿಂತಾಗ ಫೋಲ್ಡರ್ ಅಳಿಯುತ್ತದೆ. ಸ್ಟೇಟ್‌ಡೈರೆಕ್ಟರಿ ಎಂದರೆ /ವಾರ್/ಲಿಬ್/ಕಾಂಟಾಡಿ. ಅದೂ ಇಲ್ಲದಿದ್ದರೆ ಸೃಷ್ಟಿಯಾಗುತ್ತದೆ, ಆದರೆ ಸೇವೆ ನಿಂತರೂ ಕಂಪ್ಯೂಟರ್ ಆರಿದರೂ ಅಳಿಯುವುದಿಲ್ಲ. ತೂಕಗಳ ಎಸ್‌ಕ್ಯೂಲೈಟ್ ಫೈಲು ಇರಬೇಕಾದುದು ಇಲ್ಲಿ. ಇದೇ ರೀತಿ ಕ್ಯಾಶ್‌ಡೈರೆಕ್ಟರಿ ಮತ್ತು ಲಾಗ್ಸ್‌ಡೈರೆಕ್ಟರಿ ಎಂಬುವು /ವಾರ್/ಕ್ಯಾಶ್ ಮತ್ತು /ವಾರ್/ಲಾಗ್ ಒಳಗೆ ಜಾಗ ಮಾಡಿಕೊಡುತ್ತವೆ. ಸ್ಟೇಟ್‌ಡೈರೆಕ್ಟರಿ ಮತ್ತು ಅದರ ಜೊತೆಯವು ಸಿಸ್ಟಮ್‌ಡಿ 235ರಿಂದ ಇವೆ. 240ರಿಂದ ಈಚೆಗೆ ಆ ಫೋಲ್ಡರುಗಳ ಪೂರ್ಣ ದಾರಿ ಪ್ರೋಗ್ರಾಮಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿಯೂ ಸಿಗುತ್ತದೆ, ಆದ್ದರಿಂದ ಕೋಡಿನಲ್ಲಿ ದಾರಿಯನ್ನು ಗಟ್ಟಿಯಾಗಿ ಬರೆದಿಡುವ ಅಗತ್ಯವಿಲ್ಲ. ಯುನಿಟ್ ಫೈಲನ್ನು ಮುಟ್ಟಲಾಗದ ಸಂದರ್ಭವಿದ್ದರೆ /ಇಟಿಸಿ/ಟೆಂಪ್‌ಫೈಲ್ಸ್.ಡಿ ಒಳಗೆ ಒಂದು ಸಾಲಿನ ಫೈಲನ್ನು ಇಟ್ಟು ಬೂಟ್ ಸಮಯದಲ್ಲಿ ಫೋಲ್ಡರ್ ಆಗುವಂತೆ ಮಾಡಬಹುದು.

ಪಿಐಡಿ ಫೈಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ, ನಿಮಗೆ ಅದು ಬೇಡವೇ ಬೇಡ. ಡೀಮನ್ ತನ್ನನ್ನು ತಾನೇ ಎರಡಾಗಿ ಒಡೆದುಕೊಂಡು ಹಿನ್ನೆಲೆಗೆ ಸರಿಯುತ್ತಿದ್ದ ಕಾಲದಲ್ಲಿ, ಅದನ್ನು ನಿಲ್ಲಿಸಲು ಬಂದ ಸ್ಕ್ರಿಪ್ಟಿಗೆ ಸಂಖ್ಯೆ ತಿಳಿಯಲೆಂದು ಆ ಫೈಲು ಹುಟ್ಟಿತು. ಸಿಸ್ಟಮ್‌ಡಿ ತಾನು ಎಬ್ಬಿಸಿದ ಸೇವೆಯ ಎಲ್ಲ ಪ್ರೋಸೆಸ್‌ಗಳನ್ನೂ ಸಿಗ್ರೂಪ್ ಎಂಬ ಕರ್ನಲ್‌ನ ಗುಂಪು ವ್ಯವಸ್ಥೆಯ ಮೂಲಕ ತಾನೇ ಲೆಕ್ಕ ಇಡುತ್ತದೆ; ಸೇವೆ ಮುನ್ನೆಲೆಯಲ್ಲೇ ಓಡುವಂತೆ ಬರೆದು ಟೈಪ್=ಸಿಂಪಲ್ ಅಥವಾ ನೋಟಿಫೈ ಎಂದರೆ ಸಾಕು, ಒಂದೇ ಯುನಿಟ್ ಎರಡು ಸಲ ಏಳುವುದೂ ಇಲ್ಲ. ನಿಮ್ಮ ಎರಡನೆಯ ತೊಂದರೆ ಅಪರೂಪದ ಕಾಕತಾಳೀಯವೂ ಅಲ್ಲ. ಬೂಟ್ ಆದಾಗಲೆಲ್ಲ ಪಿಐಡಿ ಸಂಖ್ಯೆಗಳು ಸಣ್ಣದರಿಂದ ಆರಂಭವಾಗುತ್ತವೆ, ಸೇವೆಗಳೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಏಳುತ್ತವೆ, ಆದ್ದರಿಂದ ಹಿಂದಿನ ಬೂಟಿನ ಸಂಖ್ಯೆ ಪಕ್ಕದ ಇನ್ನೊಂದು ಪ್ರೋಗ್ರಾಮಿನ ಪಾಲಾಗುವುದು ತೀರ ಸಹಜ. ಆ ಸಂಖ್ಯೆಯ ಪ್ರೋಸೆಸ್ ಇದೆಯೇ ಎಂದು ಸಿಗ್ನಲ್ ಸೊನ್ನೆಯನ್ನು ಕಳಿಸಿ ಪರೀಕ್ಷಿಸಿದರೆ, ಅದು ಬೇರೆ ಬಳಕೆದಾರನ ಪ್ರೋಸೆಸ್ ಆದಾಗ ‘ಅನುಮತಿ ಇಲ್ಲ’ ಎಂದು ಬರುತ್ತದೆ, ನಿಮ್ಮ ಕೋಡ್ ಅದನ್ನು ‘ಜೀವಂತವಾಗಿದೆ’ ಎಂದು ಓದಿಕೊಂಡಿರಬೇಕು. ಎರಡನೆಯ ಪ್ರತಿ ಓಡಬಾರದು ಎಂಬ ಖಾತ್ರಿ ಬೇಕಿದ್ದರೆ ಫೈಲಿಗೆ ಬೀಗ ಹಾಕುವ ಎಫ್‌ಲಾಕ್ ಬಳಸಿ. ಪ್ರೋಸೆಸ್ ಹೇಗೆ ಸತ್ತರೂ ಕರ್ನಲ್ ಆ ಬೀಗವನ್ನು ತಾನೇ ಬಿಡಿಸುತ್ತದೆ. ಸೀರಿಯಲ್ ಪೋರ್ಟನ್ನು ಓದುವ ಪೈಥಾನ್ ಲೈಬ್ರರಿಯಾದ ಪೈಸೀರಿಯಲ್‌ನಲ್ಲಿ ಪೋರ್ಟನ್ನು ತೆರೆಯುವಾಗ ಎಕ್ಸ್‌ಕ್ಲೂಸಿವ್ ಎಂದು ಹೇಳಿದರೆ ಅದು ಇದನ್ನೇ ಮಾಡುತ್ತದೆ, ಕಾಂಟಾದಿಂದ ಇಬ್ಬರು ಒಟ್ಟಿಗೆ ಓದುವ ಅಪಾಯ ಅಲ್ಲಿಗೆ ತಪ್ಪಿತು.

/ಟೆಂಪ್ ಸಲಹೆಯನ್ನು ಬಿಟ್ಟುಬಿಡಿ. ಅದು ಎಲ್ಲರೂ ಬರೆಯಬಹುದಾದ ಜಾಗ, ನಿಮ್ಮ ಸಾಕೆಟ್ಟಿನ ಹೆಸರನ್ನು ಇನ್ನೊಬ್ಬರು ಮೊದಲೇ ಹಿಡಿದು ಕೂರಬಹುದು. ಪ್ರೈವೇಟ್‌ಟೆಂಪ್ ಎಂಬ ಸೆಟ್ಟಿಂಗ್ ಹಾಕಿದರೆ ಸೇವೆಗೆ ಬೇರೆಯೇ /ಟೆಂಪ್ ಕಾಣುತ್ತದೆ, ಗುಮಾಸ್ತರ ಪರದೆಗೆ ಸಾಕೆಟ್ ಕಾಣುವುದೇ ಇಲ್ಲ. ಮುಂದೆ ನೀವು ಡೆಬಿಯನ್ 13ಕ್ಕೆ ಹೋದರೆ ಅಲ್ಲಿ /ಟೆಂಪ್ ಕೂಡ ಮೆಮೊರಿಯಲ್ಲೇ ಇದೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ 10 ದಿನ ಯಾರೂ ಮುಟ್ಟದ ಫೈಲುಗಳನ್ನು ವ್ಯವಸ್ಥೆ ತೆಗೆದುಹಾಕುತ್ತದೆ.

ಉತ್ತರ – ಗದಗಿನಿಂದ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ಹೇಳಬೇಕೆನಿಸಿತು. ನಾನು ಗದಗಿನ ಒಂದು ಮುದ್ರಣಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಇಂಥ ಸಣ್ಣ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಸೇವೆ. ಅದಕ್ಕೆ ಫೈಲುಗಳನ್ನು ನಾಲ್ಕು ಕಡೆ ಹಂಚಿದರೆ, ನಾಳೆ ಅಂಗಡಿಯವರು ಬೇರೊಬ್ಬರನ್ನು ಕರೆಸಿದಾಗ ಅವರು ಎಲ್ಲಿ ಹುಡುಕಬೇಕು? /ಆಪ್ಟ್/ಕಾಂಟಾಡಿ ಒಳಗೆ ಎಲ್ಲವನ್ನೂ ಇಟ್ಟು, ಬೂಟ್ ಆದಾಗ ಪಿಐಡಿ ಮತ್ತು ಸಾಕೆಟ್ಟನ್ನು ಅಳಿಸುವ ಒಂದು ಸಾಲನ್ನು ಎಕ್ಸೆಕ್‌ಸ್ಟಾರ್ಟ್‌ಪ್ರೀಯಲ್ಲಿ (ಸೇವೆ ಏಳುವ ಮೊದಲು ಓಡುವ ಆಜ್ಞೆಯ ಸೆಟ್ಟಿಂಗ್) ಸೇರಿಸಿದರೆ ಕೆಲಸ ಆಗುತ್ತದೆ, ಬ್ಯಾಕಪ್ ಮಾಡುವುದೂ ಸುಲಭ. ನಮ್ಮಲ್ಲಿ ವರ್ಷಗಟ್ಟಲೆ ಹೀಗೆಯೇ ನಡೆದಿದೆ.

ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇನೆ, ಬೇರೆ ಓದುಗರಿಗೆ ಉಪಯೋಗವಾಗಬಹುದು. ಸೇವೆಯನ್ನು ವ್ಯವಸ್ಥೆಯ ಮಟ್ಟದಲ್ಲಿ ಅಲ್ಲದೆ ಲಾಗಿನ್ ಆದ ಬಳಕೆದಾರನ ಮಟ್ಟದಲ್ಲಿ ಓಡಿಸುವವರಿಗೆ /ರನ್/ಯೂಸರ್ ಒಳಗೆ ಅವರ ಬಳಕೆದಾರ ಸಂಖ್ಯೆಯ ಹೆಸರಿನಲ್ಲಿ, ಹೆಚ್ಚಾಗಿ 1000 ಎಂದು, ಒಂದು ಖಾಸಗಿ ಫೋಲ್ಡರ್ ಸಿಗುತ್ತದೆ. ಅದರ ದಾರಿ ಎಕ್ಸ್‌ಡಿಜಿ ರನ್‌ಟೈಮ್ ಡಿರ್ ಎಂಬ ವೇರಿಯಬಲ್‌ನಲ್ಲಿ ಇರುತ್ತದೆ, ಅನುಮತಿ 0700, ಆ ಬಳಕೆದಾರನ ಹೊರತು ಯಾರೂ ಒಳಗೆ ಬರುವಂತಿಲ್ಲ. ನಮ್ಮ ಸ್ಕ್ಯಾನರ್ ಸೇವೆಯ ಸಾಕೆಟ್ ಅಲ್ಲಿತ್ತು. ಆಪರೇಟರ್ ಸಂಜೆ ಲಾಗೌಟ್ ಆದ ಕೂಡಲೇ ಸೇವೆಯೂ ನಿಲ್ಲುತ್ತಿತ್ತು, ಫೋಲ್ಡರೂ ಮಾಯವಾಗುತ್ತಿತ್ತು. ಆ ಬಳಕೆದಾರನ ಕೊನೆಯ ಸೆಷನ್ ಮುಗಿದಾಗ ಹಾಗಾಗುವುದೇ ನಿಯಮ ಎಂದು ತಿಳಿಯಲು ನಮಗೆ ಬಹಳ ದಿನ ಬೇಕಾಯಿತು. ಲಾಗಿನ್‌ಸಿಟಿಎಲ್ ಆಜ್ಞೆಯಿಂದ ಆ ಬಳಕೆದಾರನಿಗೆ ಲಿಂಗರ್ ಸೌಲಭ್ಯವನ್ನು ಕೊಟ್ಟ ಮೇಲೆ, ಲಾಗಿನ್ ಇರಲಿ ಇಲ್ಲದಿರಲಿ, ಬೂಟಿನಿಂದಲೇ ಸೇವೆ ನಡೆಯುತ್ತಿದೆ.

ಉತ್ತರ – ಧಾರವಾಡದಿಂದ

ಗದಗಿನ ಸ್ನೇಹಿತರು ಎತ್ತಿದ ಆತಂಕ ನ್ಯಾಯವಾದದ್ದು, ಮುಂದೆ ಬರುವವರು ಎಲ್ಲಿ ಹುಡುಕಬೇಕು ಎಂಬುದು ದೊಡ್ಡ ಪ್ರಶ್ನೆಯೇ. ನನ್ನ ಅನುಭವದಲ್ಲಿ ಅವರು ಹುಡುಕುವುದು ಯುನಿಟ್ ಫೈಲಿನಲ್ಲಿ ಮತ್ತು /ವಾರ್/ಲಿಬ್‌ನಲ್ಲಿ. /ಆಪ್ಟ್ ಒಳಗೆ ಪ್ರೋಗ್ರಾಮ್ ಇಡುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅಲ್ಲಿಯ ಪ್ರೋಗ್ರಾಮಿನ ಬದಲಾಗುವ ಫೈಲುಗಳಿಗೂ ಮಾನದಂಡ ಹೇಳುವ ಜಾಗ /ವಾರ್/ಆಪ್ಟ್. ಪ್ರೋಗ್ರಾಮಿನ ಫೋಲ್ಡರಿಗೇ ಸೇವೆ ಬರೆಯಬಲ್ಲದು ಎಂದಾದರೆ, ಸೇವೆಯಲ್ಲಿ ಒಂದು ದೋಷವಿದ್ದಾಗ ಅದು ತನ್ನ ಕೋಡನ್ನೇ ಕೆಡಿಸಿಕೊಳ್ಳಬಲ್ಲದು ಎಂದೂ ಆಯಿತು. ಅದಕ್ಕೆ ಬದಲಾಗಿ ಯುನಿಟ್ ಫೈಲಿನಲ್ಲಿ ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್ ಎಂದು ಬರೆದರೆ ಇಡೀ ಡಿಸ್ಕ್ ಆ ಸೇವೆಯ ಪಾಲಿಗೆ ಓದಲು ಮಾತ್ರ ಎಂದಾಗುತ್ತದೆ, ಮೇಲೆ ಹೇಳಿದ ಸ್ಟೇಟ್ ಮತ್ತು ರನ್‌ಟೈಮ್ ಫೋಲ್ಡರುಗಳು ಮಾತ್ರ ತಾವಾಗಿಯೇ ಬರೆಯಲು ತೆರೆದಿರುತ್ತವೆ. ಫೈಲುಗಳನ್ನು ಬೇರೆಬೇರೆ ಇಟ್ಟದ್ದಕ್ಕೆ ಸಿಗುವ ನೇರ ಲಾಭ ಇದು. ಬೂಟಿನಲ್ಲಿ ಅಳಿಸುವ ಸಾಲನ್ನು ಬರೆಯಬಹುದು, ಆದರೆ /ರನ್ ಇರುವಾಗ ಆ ಸಾಲನ್ನು ನೆನಪಿಡುವ ಹೊಣೆ ನಮಗೇಕೆ?

ಉತ್ತರ – ಹುಬ್ಬಳ್ಳಿಯಿಂದ

ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಇಂಥದೇ ಒಂದು ವ್ಯವಸ್ಥೆಯನ್ನು ನಡೆಸುತ್ತಿರುವುದರಿಂದ, ತೂಕಗಳ ಸರದಿಯ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಅದನ್ನು /ವಾರ್/ಲಿಬ್‌ಗೆ ಸರಿಸಿದ ಮಾತ್ರಕ್ಕೆ ಕರೆಂಟ್ ಹೋದಾಗ ಸುರಕ್ಷಿತ ಎಂದುಕೊಳ್ಳಬೇಡಿ. ಬರೆದ ದತ್ತಾಂಶ ಮೊದಲು ಕರ್ನಲ್‌ನ ಮೆಮೊರಿಯಲ್ಲಿ ಕಾಯುತ್ತದೆ, ಎಫ್‌ಸಿಂಕ್ ಆದ ಮೇಲೆ ಮಾತ್ರ ಡಿಸ್ಕಿಗೆ ಇಳಿಯಿತು ಎನ್ನಬಹುದು. ಎಸ್‌ಕ್ಯೂಲೈಟ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಪ್ರತಿ ಕಮಿಟ್‌ಗೂ (ದಾಖಲೆಯನ್ನು ಖಾಯಂ ಮಾಡುವ ಹಂತ) ಇದನ್ನು ಮಾಡುತ್ತದೆ. ಆದರೆ ವೇಗ ಹೆಚ್ಚಲಿ ಎಂದು ಡಬ್ಲ್ಯುಎಎಲ್ ಮೋಡ್ (ಬದಲಾವಣೆಗಳನ್ನು ಮೊದಲು ಪಕ್ಕದ ಫೈಲೊಂದಕ್ಕೆ ಬರೆಯುವ ಕ್ರಮ) ಹಾಕಿ, ಜೊತೆಗೆ ಸಿಂಕ್ರೋನಸ್ ನಾರ್ಮಲ್ ಎಂದು ಬದಲಿಸುವ ಸಲಹೆ ಎಲ್ಲೆಡೆ ಕಾಣುತ್ತದೆ. ಆ ಜೋಡಿಯಲ್ಲಿ ಫೈಲು ಕೆಡುವುದಿಲ್ಲ ನಿಜ, ಆದರೆ ಕರೆಂಟ್ ಹೋದರೆ ಕೊನೆಯ ಕೆಲವು ಕಮಿಟ್‌ಗಳು ಇಲ್ಲವಾಗಬಹುದು. ವೆಬ್‌ಸೈಟಿನ ಓದುಗರ ಎಣಿಕೆಗೆ ಅದು ನಡೆದೀತು, ರೈತನ ಚೀಲಕ್ಕೆ ನಡೆಯುವುದಿಲ್ಲ. ಒಂದು ಚೀಲ ಕಾಂಟಾದಿಂದ ಇಳಿದು ಇನ್ನೊಂದು ಏರುವಷ್ಟರಲ್ಲಿ ಎಫ್‌ಸಿಂಕ್‌ಗೆ ಬೇಕಾದಷ್ಟು ಸಮಯವಿದೆ, ಆದ್ದರಿಂದ ಫುಲ್ ಎಂದೇ ಇಡಿ. ಕಮಿಟ್ ಮುಗಿದ ಮೇಲೆಯೇ ಗುಮಾಸ್ತರ ಪರದೆಗೆ ‘ದಾಖಲಾಯಿತು’ ಎಂಬ ಉತ್ತರ ಹೋಗಲಿ. ಸರ್ವರ್ ಸ್ವೀಕರಿಸಿದ್ದೇನೆ ಎಂದ ಮೇಲೆಯೇ ಸರದಿಯಿಂದ ತೆಗೆಯಿರಿ, ಪ್ರತಿ ತೂಕಕ್ಕೂ ಒಂದು ವಿಶಿಷ್ಟ ಸಂಖ್ಯೆ ಇರಲಿ, ಆಗ ಒಂದೇ ತೂಕ ಎರಡು ಸಲ ಹೋದರೂ ಸರ್ವರ್ ಗುರುತಿಸುತ್ತದೆ.

ಡಬ್ಲ್ಯುಎಎಲ್ ಮೋಡಿನಲ್ಲಿ ಮೂಲ ಫೈಲಿನ ಪಕ್ಕದಲ್ಲೇ ಇನ್ನೆರಡು ಫೈಲುಗಳು ಹುಟ್ಟುತ್ತವೆ. ‘ಇವು ತಾತ್ಕಾಲಿಕ ಅಲ್ಲವೇ, /ರನ್‌ಗೆ ಕಳಿಸೋಣ’ ಎಂದು ಯಾರಿಗಾದರೂ ಅನಿಸಬಹುದು. ಅವುಗಳನ್ನು ಕದಲಿಸಬಾರದು, ಇನ್ನೂ ಮೂಲ ಫೈಲಿಗೆ ಸೇರದ ಕಮಿಟ್‌ಗಳು ಅವುಗಳಲ್ಲೊಂದರಲ್ಲಿ ಇರುತ್ತವೆ. ಇದೇ ಜಾತಿಯ ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಸೆಟ್ಟಿಂಗ್ ಫೈಲನ್ನು ಸುರಕ್ಷಿತವಾಗಿ ಬದಲಿಸಲು ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ, ನಂತರ ಹೆಸರು ಬದಲಿಸುವುದು ರೂಢಿ. ಆ ತಾತ್ಕಾಲಿಕ ಫೈಲನ್ನು ನಾನು /ರನ್ ಒಳಗೆ ಬರೆಯುತ್ತಿದ್ದೆ. /ರನ್ ಮತ್ತು /ವಾರ್/ಲಿಬ್ ಬೇರೆಬೇರೆ ಫೈಲ್ ಸಿಸ್ಟಮ್‌ಗಳಾದ್ದರಿಂದ ಹೆಸರು ಬದಲಿಸುವ ಕರೆ ಅಲ್ಲಿ ಸೋಲುತ್ತದೆ, ಭಾಷೆಯ ಲೈಬ್ರರಿ ಮರೆಯಲ್ಲಿ ಅದನ್ನು ನಕಲು ಮಾಡುವ ಕೆಲಸವಾಗಿ ಬದಲಿಸಿಕೊಂಡರೆ ಅರ್ಧ ಬರೆದ ಫೈಲು ಉಳಿಯುವ ಅಪಾಯ ಮತ್ತೆ ಬರುತ್ತದೆ. ತಾತ್ಕಾಲಿಕ ಫೈಲು ಗುರಿಯ ಫೋಲ್ಡರಿನಲ್ಲೇ ಇರಬೇಕು.

ಲಾಗ್ ವಿಷಯವನ್ನು ಯಾರೂ ಎತ್ತಲಿಲ್ಲ. /ರನ್‌ಗೆ ಮಿತಿ ಇದೆ, ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಮೆಮೊರಿಯ 10 ಪ್ರತಿಶತ. 2 ಜಿಬಿ ಇರುವ ಕಂಪ್ಯೂಟರಿನಲ್ಲಿ ಅದು ಸುಮಾರು 200 ಎಂಬಿ ಮಾತ್ರ, ನಿಮ್ಮ ಲಾಗ್ ಅದನ್ನು ತುಂಬಿದರೆ ಬೇರೆ ಸೇವೆಗಳೂ ತಮ್ಮ ಸಾಕೆಟ್ ಮಾಡಿಕೊಳ್ಳಲಾಗದೆ ಬೀಳುತ್ತವೆ. ಲಾಗನ್ನು ಫೈಲಿಗೆ ಬರೆಯದೆ ನೇರವಾಗಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಿಟ್ಟರೆ ಸಿಸ್ಟಮ್‌ಡಿಯ ಲಾಗ್ ವ್ಯವಸ್ಥೆಯಾದ ಜರ್ನಲ್ ಅದನ್ನು ನೋಡಿಕೊಳ್ಳುತ್ತದೆ.

ಸಾಕೆಟ್ ಬಗ್ಗೆ ಎರಡು ಮಾತು. ಗುಮಾಸ್ತರ ಪರದೆಯ ಬಳಕೆದಾರನನ್ನು ಕಾಂಟಾಡಿ ಗುಂಪಿಗೆ ಸೇರಿಸಿ, ಸಾಕೆಟ್‌ಗೆ 0660 ಅನುಮತಿ (ಒಡೆಯ ಮತ್ತು ಗುಂಪು ಮಾತ್ರ ಓದಿ ಬರೆಯಬಹುದು) ಕೊಡಿ. ಲಿನಕ್ಸ್‌ನಲ್ಲಿ ಸಾಕೆಟ್ಟಿಗೆ ಸೇರಲು ಅದಕ್ಕೆ ಬರೆಯುವ ಅನುಮತಿಯೇ ಬೇಕು, ಓದುವ ಅನುಮತಿ ಸಾಲದು. ಎರಡನೆಯದು ಕನ್ನಡದಲ್ಲಿ ಫೋಲ್ಡರುಗಳಿಗೆ ಹೆಸರಿಡುವ ನಮ್ಮಂಥವರಿಗೆ ಮುಖ್ಯ. ಸಾಕೆಟ್ಟಿನ ಪೂರ್ಣ ದಾರಿಗೆ ಲಿನಕ್ಸ್‌ನಲ್ಲಿ 108 ಬೈಟ್‌ಗಳ ಜಾಗವಷ್ಟೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ, ಪ್ರತಿ ಕೊಂಬು ಗುಣಿಸಿಗೂ 3 ಬೈಟ್ ಬೇಕು. ‘ಮೆಣಸಿನಕಾಯಿ’ ಎಂಬ ಒಂದು ಹೆಸರೇ 30 ಬೈಟ್ ತಿನ್ನುತ್ತದೆ. ಮನೆಯ ಫೋಲ್ಡರಿನೊಳಗೆ ಕನ್ನಡ ಹೆಸರಿನ ನಾಲ್ಕು ಫೋಲ್ಡರು ದಾಟಿ ಸಾಕೆಟ್ ಇಟ್ಟವರಿಗೆ ‘ದಾರಿ ಬಹಳ ಉದ್ದವಾಯಿತು’ ಎಂಬ ದೋಷ ಬಂದು ತಲೆಕೆಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. /ರನ್/ಕಾಂಟಾಡಿ ಎಂಬ ಚಿಕ್ಕ ದಾರಿಯಲ್ಲಿ ಆ ಚಿಂತೆ ಇಲ್ಲ.

ಮರುಪ್ರಶ್ನೆ – ಬ್ಯಾಡಗಿಯಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನೀವು ಹೇಳಿದಂತೆ ಪಿಐಡಿ ಫೈಲಿನ ಕೋಡನ್ನು ತೆಗೆದುಹಾಕಿದೆ, ಸಾಕೆಟ್ಟನ್ನು /ರನ್/ಕಾಂಟಾಡಿಗೆ, ತೂಕಗಳನ್ನು /ವಾರ್/ಲಿಬ್/ಕಾಂಟಾಡಿಗೆ ಸರಿಸಿದೆ, ಲಾಗನ್ನು ಜರ್ನಲ್‌ಗೆ ಬಿಟ್ಟೆ. ಮಾರುಕಟ್ಟೆ ಇಲ್ಲದ ದಿನ ಅಂಗಡಿಗೆ ಹೋಗಿ, ಕಲ್ಲು ತುಂಬಿದ ಚೀಲವನ್ನು ತೂಗುತ್ತಾ ನಡುವೆಯೇ ಪ್ಲಗ್ ಕಿತ್ತು ಪರೀಕ್ಷಿಸಿದೆ. ಹೀಗೆ 12 ಸಲ ಮಾಡಿದೆ. ಪ್ರತಿ ಸಲವೂ ಸೇವೆ ತಾನಾಗಿಯೇ ಎದ್ದಿತು, ಪರದೆಯ ಮೇಲೆ ‘ದಾಖಲಾಯಿತು’ ಎಂದು ಕಂಡ ಯಾವ ತೂಕವೂ ತಪ್ಪಲಿಲ್ಲ.

ಮೂರು ಸಂದೇಹಗಳು ಉಳಿದಿವೆ. ಕಾಂಟಾದ ಮೇಲೆ ಖಾಲಿ ಚೀಲವಿಟ್ಟು ಸೊನ್ನೆ ಮಾಡಿದಾಗಿನ ಅಂಕಿಯನ್ನು ಕಾಂಟಾಡಿ ಒಂದು ಚಿಕ್ಕ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಡಬ್ಬಿ, ಕಡ್ಡಿ ಮೊದಲಾದ ಮೆಣಸಿನಕಾಯಿ ಮಾಲಿನ ಬಗೆಗಳ ಪಟ್ಟಿಯನ್ನು ಬೆಳಿಗ್ಗೆ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಇವೆರಡೂ ಎಲ್ಲಿರಬೇಕು? ಹಾಗೆಯೇ, ಸಂಜೆ ತೂಕಗಳ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲು ಅಂಗಡಿಯವರು ಬಯಸುತ್ತಾರೆ, ಸೇವೆಯನ್ನು ನಿಲ್ಲಿಸದೆ ಮಾಡಬಹುದೇ?

ಉತ್ತರ – ಹುಬ್ಬಳ್ಳಿಯಿಂದ

ಪ್ಲಗ್ ಕಿತ್ತು ಪರೀಕ್ಷೆ ಮಾಡಿದ್ದನ್ನು ಓದಿ ಬಹಳ ಸಂತೋಷವಾಯಿತು. ಮಾಲಿನ ಬಗೆಗಳ ಪಟ್ಟಿ ಕಳೆದುಹೋದರೆ ಮತ್ತೆ ಇಳಿಸಿಕೊಳ್ಳಬಹುದು, ಆದರೆ ಇಂಟರ್ನೆಟ್ ಇಲ್ಲದ ಬೆಳಿಗ್ಗೆ ನಿನ್ನೆಯ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಅಂಥದ್ದಕ್ಕೆ /ವಾರ್/ಕ್ಯಾಶ್ ಇದೆ. ಯಾರಾದರೂ ಜಾಗ ಉಳಿಸಲು ಅದನ್ನು ಅಳಿಸಿದರೂ ನಿಮ್ಮ ಸೇವೆ ಮುಂದುವರಿಯುವಂತೆ ಬರೆದಿರಬೇಕು.

ಸೊನ್ನೆಯ ಅಂಕಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಅದನ್ನು ಉಳಿಸುವುದು ಒಳ್ಳೆಯದೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಕರೆಂಟ್ ಹೋಗಿ ಬರುವ ನಡುವೆ ಕಾಂಟಾವನ್ನು ಯಾರಾದರೂ ಸರಿಸಿರಬಹುದು, ಅದರ ಮೇಲೆ ಏನಾದರೂ ಬಿದ್ದಿರಬಹುದು, ಕಾಂಟಾ ಹೊತ್ತಿಕೊಳ್ಳುವಾಗ ತಾನೇ ಹೊಸದಾಗಿ ಸೊನ್ನೆ ಮಾಡಿಕೊಂಡಿರಬಹುದು. ಹಳೆಯ ಅಂಕಿಯನ್ನು ನಂಬಿ ಪ್ರತಿ ಚೀಲದಲ್ಲೂ ಅರ್ಧ ಕಿಲೋ ಕಳೆದರೆ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಸಂಜೆಯವರೆಗೆ ನಡೆಯುತ್ತದೆ, ನಷ್ಟ ರೈತನ ಮೇಲೆ ಬೀಳುತ್ತದೆ. ಆದ್ದರಿಂದ ಆ ಫೈಲು ಬೇಕೆಂದೇ /ರನ್/ಕಾಂಟಾಡಿಯಲ್ಲಿ ಇರಲಿ, ಬೂಟಿನ ಜೊತೆಗೆ ಅಳಿಯಲಿ. ಅದು ಇಲ್ಲದಿದ್ದಾಗ ಸೇವೆ ತೂಕವನ್ನು ಸ್ವೀಕರಿಸದೆ, ‘ಮೊದಲು ಖಾಲಿ ಚೀಲವಿಟ್ಟು ಸೊನ್ನೆ ಮಾಡಿ’ ಎಂದು ಪರದೆಯಲ್ಲಿ ಹೇಳಲಿ. ಸೇವೆಯನ್ನು ನೀವು ಮಧ್ಯದಲ್ಲಿ ರೀಸ್ಟಾರ್ಟ್ ಮಾಡಿದಾಗಲೂ ಆ ಫೋಲ್ಡರ್ ಅಳಿಯುತ್ತದೆ ಎಂಬುದು ನೆನಪಿರಲಿ. ರನ್‌ಟೈಮ್‌ಡೈರೆಕ್ಟರಿಪ್ರಿಸರ್ವ್=ರೀಸ್ಟಾರ್ಟ್ ಎಂದರೆ ರೀಸ್ಟಾರ್ಟ್‌ನಲ್ಲಿ ಉಳಿಯುತ್ತದೆ, ಆದರೆ ಈ ಅಂಕಿಗಾಗಿ ಅದನ್ನು ಹಾಕಬೇಡಿ ಎಂಬುದು ನನ್ನ ಸಲಹೆ, ಮತ್ತೊಮ್ಮೆ ಸೊನ್ನೆ ಮಾಡಲು ಹಮಾಲರಿಗೆ ಕೆಲವೇ ಕ್ಷಣ ಸಾಕು.

ಪೆನ್‌ಡ್ರೈವಿಗೆ ಫೈಲನ್ನು ಹಾಗೆಯೇ ನಕಲು ಮಾಡಬಾರದು, ನಡುವೆ ಒಂದು ಚೀಲ ತೂಗಿದರೆ ಅರ್ಧ ಹಳೆಯ ಅರ್ಧ ಹೊಸ ನಕಲು ಸಿಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ವ್ಯಾಕ್ಯೂಮ್ ಇಂಟು ಎಂಬ ಆಜ್ಞೆ ಇದೆ, ಅದಕ್ಕೆ ಹೊಸ ಫೈಲಿನ ಹೆಸರನ್ನು ಕೊಟ್ಟರೆ ಸೇವೆ ಓಡುತ್ತಿರುವಾಗಲೇ ಆ ಕ್ಷಣದ ಪೂರ್ಣ ಪ್ರತಿಯನ್ನು ಬರೆದುಕೊಡುತ್ತದೆ. ಆ ಪ್ರತಿಯನ್ನು ಮೊದಲು /ವಾರ್/ಲಿಬ್/ಕಾಂಟಾಡಿಯೊಳಗೇ ದಿನಾಂಕದ ಹೆಸರಿನಲ್ಲಿ ಬರೆಸಿ, ಅದನ್ನು ಪೆನ್‌ಡ್ರೈವಿಗೆ ಕಳಿಸಿ, ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡಿದ ಮೇಲೆ ‘ತೆಗೆಯಬಹುದು’ ಎಂದು ಪರದೆಯಲ್ಲಿ ತೋರಿಸಿ.